54ಕ್ಕೇ ಇಪಿಎಸ್ ಪಿಂಚಣಿಯೋ, 58ರವರೆಗೆ ಕಾಯುವುದೋ?

ವಸಂತನರಸಾಪುರದ ಕಾರ್ಖಾನೆಯಲ್ಲೋ ಕೋಲಾರದ ನರಸಾಪುರದಲ್ಲೋ ದುಡಿದು 54ಕ್ಕೆ ಕೆಲಸ ಬಿಟ್ಟವರಿಗೆ ಎರಡು ದಾರಿ. ಇಪಿಎಸ್‌ನಲ್ಲಿ (ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ) 10 ವರ್ಷದ ಸೇವೆ ಇದ್ದರೆ, ವಯಸ್ಸು 50 ದಾಟಿದ ಮೇಲೆ ಯಾವಾಗ ಬೇಕಾದರೂ ಪಿಂಚಣಿ ಕೇಳಬಹುದು. 58ಕ್ಕೆ ಎಷ್ಟು ವರ್ಷ ಕಮ್ಮಿಯೋ, ವರ್ಷಕ್ಕೆ ಶೇ 4ರಂತೆ ಕಡಿತ. ಅದು ಸಾಯುವವರೆಗೂ ಹಾಗೇ.

ಪಿಂಚಣಿ ಲೆಕ್ಕದ ಸಂಬಳ 15,000, ಸೇವೆ 10 ವರ್ಷ ಅನ್ನಿ. ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 2,143 ರೂಪಾಯಿ. 54ಕ್ಕೇ ತಗೊಂಡರೆ ಸುಮಾರು 1,800. ನಷ್ಟ ಅನಿಸುತ್ತದೆ, ಆದರೆ ನಾಲ್ಕು ವರ್ಷ ಮೊದಲೇ ಕೈಸೇರುವ 86 ಸಾವಿರವನ್ನು ಕಾದವರು ಸರಿಗಟ್ಟುವ ಹೊತ್ತಿಗೆ ವಯಸ್ಸು 79 ದಾಟಿರುತ್ತದೆ. ಮನೆ ಖರ್ಚಿಗೆ ಬೇರೆ ಆದಾಯವಿಲ್ಲದವರು ಕಾಯಬೇಕಿಲ್ಲ. ಮತ್ತೆ ಪಿಎಫ್ ಇರುವ ಕೆಲಸ ಸೇರುವ ಯೋಚನೆ ಇದ್ದರೆ ಮಾತ್ರ 10ಸಿ ಅರ್ಜಿ ಹಾಕಿ ಸ್ಕೀಮ್ ಸರ್ಟಿಫಿಕೇಟ್ (ಈವರೆಗಿನ ಸೇವೆಯ ದಾಖಲೆ) ತೆಗೆದಿಟ್ಟುಕೊಳ್ಳಿ, ಸೇವೆ ಸೇರುತ್ತಾ ಹೋಗುತ್ತದೆ.

ಪಿಂಚಣಿಯನ್ನು 54ಕ್ಕೆ ಕೇಳಿದರೂ 58ಕ್ಕೆ ಕೇಳಿದರೂ ಅರ್ಜಿ ಒಂದೇ, 10ಡಿ. ಅದು ವಾಪಸ್ ಬರುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ: ಕೆಲಸ ಬಿಟ್ಟ ದಿನಾಂಕ ಪಿಎಫ್ ಪೋರ್ಟಲ್‌ನಲ್ಲಿ ಏರಿಲ್ಲ, ಅಥವಾ ಆಧಾರ್‌ನಲ್ಲಿ ‘ನಾರಾಯಣಪ್ಪ’, ಪಿಎಫ್‌ನಲ್ಲಿ ‘ನಾರಾಯಣ’. ಮೊದಲು ಅದನ್ನು ಸರಿಮಾಡಿಸಿ.

ತೆರಿಗೆಯಲ್ಲಿ ವ್ಯತ್ಯಾಸವಿಲ್ಲ: ಪಿಂಚಣಿ ಸಂಬಳದ ಲೆಕ್ಕಕ್ಕೇ ಬರುತ್ತದೆ, ಹೊಸ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಎಡವುವುದು ಪಿಎಫ್ ಬಾಕಿಯಲ್ಲಿ. ಕೆಲಸ ಬಿಟ್ಟ ಮೇಲೆ ಅಲ್ಲೇ ಬಿಟ್ಟ ದುಡ್ಡಿಗೆ ಬರುವ ಬಡ್ಡಿಗೆ ತೆರಿಗೆ ಇದೆ, ರಿಟರ್ನ್‌ನಲ್ಲಿ ತೋರಿಸಲೇಬೇಕು.