ಮೇರಿಯಾನ್ ಫೇತ್‌ಫುಲ್ ಎಲ್‌ಪಿಗಳು: ಮೊದಲು ಕೊಳ್ಳಬೇಕಾದ್ದು ಪಾಪೋ, ಫೋಕೋ?

1965ರ ಏಪ್ರಿಲ್ 15ರಂದು ಇಂಗ್ಲೆಂಡಿನ ಡೆಕ್ಕಾ ರೆಕಾರ್ಡ್ ಕಂಪನಿ ಗಾಯಕಿ ಮೇರಿಯಾನ್ ಫೇತ್‌ಫುಲ್ ಅವರ ಎರಡು ಎಲ್‌ಪಿಗಳನ್ನು (ಹಲವು ಹಾಡುಗಳಿರುವ ದೊಡ್ಡ ರೆಕಾರ್ಡ್‌ಗಳನ್ನು) ಒಂದೇ ದಿನ ಬಿಡುಗಡೆ ಮಾಡಿತು. ಅವರಿಗಾಗ ಹದಿನೆಂಟು ವರ್ಷ. ಹಿಂದಿನ ವರ್ಷವಷ್ಟೇ ‘ಆ್ಯಸ್ ಟಿಯರ್ಸ್ ಗೋ ಬೈ’ ಹಿಟ್ ಆಗಿತ್ತು. ಕಂಪನಿಗೆ ಅದೇ ಜಾಡಿನ ಪಾಪ್ ಹಾಡುಗಳು ಬೇಕಿದ್ದವು. ಅವರಿಗೋ, ರೆಡಿಂಗ್ ಊರಿನ ಕಾಫಿ ಬಾರ್‌ಗಳಲ್ಲಿ ಹಾಡುತ್ತಿದ್ದ ಜಾನಪದ ಹಾಡುಗಳ ಮೇಲೇ ಪ್ರೀತಿ. ಕೊನೆಗೆ ಎರಡೂ ಆದವು. ಅವರ ಹೆಸರನ್ನೇ ಹೊತ್ತ ‘ಮೇರಿಯಾನ್ ಫೇತ್‌ಫುಲ್’ ಪಾಪ್ ಎಲ್‌ಪಿ. ‘ಕಮ್ ಮೈ ವೇ’ ಫೋಕ್, ಅಂದರೆ ಜಾನಪದ ಹಾಡುಗಳ ಎಲ್‌ಪಿ. ಬ್ರಿಟನ್ನಿನ ಮಾರಾಟದ ಚಾರ್ಟಿನಲ್ಲಿ ಪಾಪ್ 15ನೇ ಸ್ಥಾನಕ್ಕೆ ಬಂತು. ಫೋಕ್ ಇನ್ನೂ ಮೇಲೆ, 12ಕ್ಕೆ ಹೋಯಿತು.

ಎರಡೂ ನನ್ನ ಹತ್ತಿರ ಇವೆ, ಎರಡೂ ಆ ಕಾಲದ ಡೆಕ್ಕಾ ಮೋನೊ (ಸ್ಟೀರಿಯೊ ಅಲ್ಲದ) ಪ್ರತಿಗಳು. ಒಂದಾದ ಮೇಲೆ ಒಂದು ಹಾಕಿ ಕೇಳಿದರೆ ಒಂದೇ ಗಂಟಲು ಎಷ್ಟು ಬೇರೆಯಾಗಿ ಕೇಳುತ್ತದೆ ಅಂತ ಈಗಲೂ ಆಶ್ಚರ್ಯವಾಗುತ್ತದೆ.

ಪಾಪ್ ಎಲ್‌ಪಿಯಲ್ಲಿ ವಾದ್ಯಗಳು ಜಾಸ್ತಿ. ಪಿಟೀಲು, ಡ್ರಮ್, ಹಿಂದೆ ಕೋರಸ್, ನಡುವೆ ಅವರ ತೆಳುವಾದ, ತುಸು ನಡುಗುವ ದನಿ. ಜಾಕಿ ಡಿಶಾನನ್ ಬರೆದ ‘ಕಮ್ ಆ್ಯಂಡ್ ಸ್ಟೇ ವಿತ್ ಮಿ’ ಇಲ್ಲಿದೆ. ಸಿಂಗಲ್ ಆಗಿ, ಅಂದರೆ ಚಿಕ್ಕ ರೆಕಾರ್ಡಿನಲ್ಲಿ ಬೇರೆಯಾಗಿ ಬಂದಾಗ, ಅದು 4ನೇ ಸ್ಥಾನ ಮುಟ್ಟಿದ ಹಾಡು. ಮೊದಲ ಸಲ ಕೇಳುವವರಿಗೆ ತಕ್ಷಣ ಇಷ್ಟವಾಗುವುದು ಈ ತಟ್ಟೆಯೇ. ಆದರೆ ಪೂರ್ತಿ ಎರಡು ಬದಿ ಕೇಳಿದರೆ ನಾಲ್ಕೈದು ಹಾಡು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತವೆ. ಉಳಿದವು ಆ ಕಾಲದ ಬೇರೆ ಯಾರು ಹಾಡಿದ್ದರೂ ನಡೆಯುತ್ತಿತ್ತು.

‘ಕಮ್ ಮೈ ವೇ’ ಹಾಗಲ್ಲ. ಗಿಟಾರ್, ದನಿ, ಅಷ್ಟೇ ಅನ್ನುವಷ್ಟು ಸರಳ. ಗಿಟಾರಿಗೆ ಜಾನ್ ಮಾರ್ಕ್ ಇದ್ದಾರೆ. ಹಳೆಯ ಜಾನಪದ ಹಾಡುಗಳ ನಡುವೆ ಲೂಯಿಸ್ ಕ್ಯಾರಲ್ ಪದ್ಯವೊಂದನ್ನೂ ಷೇಕ್ಸ್‌ಪಿಯರ್ ಸಾಲುಗಳನ್ನೂ ಮೇರಿಯಾನ್ ಓದುತ್ತಾರೆ. ಹಾರ್ಮೋನಿಯಂ, ತಬಲಾ ಅಷ್ಟೇ ಇಟ್ಟುಕೊಂಡು ಹಾಡಿದ ಭಾವಗೀತೆ ಕೇಳಿ ಬೆಳೆದವರಿಗೆ ಈ ಖಾಲಿ ಜಾಗದ ರುಚಿ ಬೇಗ ಹಿಡಿಸುತ್ತದೆ ಅನ್ನುವುದು ನನ್ನ ನಂಬಿಕೆ. ಪಾಪ್ ತಟ್ಟೆಯಲ್ಲಿ ದನಿಯ ನಡುಕ ಬರೀ ಮುದ್ದಾಗಿ ಕೇಳುತ್ತದೆ. ಇಲ್ಲಿ ಅದೇ ನಡುಕಕ್ಕೆ ಅರ್ಥ ಬರುತ್ತದೆ.

ಕೊಳ್ಳುವಾಗ ಒಂದು ದೊಡ್ಡ ವ್ಯತ್ಯಾಸ ಗೊತ್ತಿರಬೇಕು. ಪಾಪ್ ಎಲ್‌ಪಿಯ ಮೇಲೆ ಗೀಚು ಇದ್ದರೂ ವಾದ್ಯಗಳ ಸದ್ದು ಅದನ್ನು ಮುಚ್ಚುತ್ತದೆ. ಫೋಕ್ ಎಲ್‌ಪಿಯಲ್ಲಿ ಮುಚ್ಚಲು ಏನೂ ಇಲ್ಲ. ಒಂದೊಂದು ಚಟಪಟವೂ ಹಾಡಿನಷ್ಟೇ ಸ್ಪಷ್ಟ. ಹಾಗಾಗಿ ಪಾಪ್‌ಗೆ, ಹಳೆಯ ರೆಕಾರ್ಡ್ ಮಾರುವವರು ‘ವೆರಿ ಗುಡ್’ ಅನ್ನುವ ದರ್ಜೆಯ ಪ್ರತಿ ಸಾಕು. ಫೋಕ್‌ಗೆ ಅದಕ್ಕಿಂತ ಮೇಲಿನ ದರ್ಜೆ ಸಿಗುವ ತನಕ ಕಾಯಿರಿ, ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಇನ್ನೊಂದು ವಿಷಯ. ಅರವತ್ತರ ದಶಕದ ಹುಡುಗ ಹುಡುಗಿಯರು ಡ್ಯಾನ್ಸೆಟ್‌ನಂಥ ಪೆಟ್ಟಿಗೆ ಪ್ಲೇಯರ್‌ಗಳಲ್ಲಿ ರೆಕಾರ್ಡ್ ಹಾಕುತ್ತಿದ್ದರು. ಅವುಗಳ ಮುಳ್ಳಿನ ಭಾರಕ್ಕೆ ಗೆರೆಗಳೇ ಸವೆದುಹೋಗುತ್ತವೆ. ತಟ್ಟೆ ನೋಡಲು ಫಳಫಳ ಹೊಳೆಯುತ್ತದೆ, ಹಾಕಿದರೆ ಎತ್ತರದ ಸ್ವರದಲ್ಲೆಲ್ಲ ದನಿ ಒಡೆಯುತ್ತದೆ. ನಾನು ನೋಡಿದ ಪಾಪ್ ಪ್ರತಿಗಳಲ್ಲಿ ಈ ತೊಂದರೆ ಜಾಸ್ತಿ. ಅಂಗಡಿಯವರು ಒಪ್ಪಿದರೆ ಪ್ರತಿ ಬದಿಯ ಕೊನೆಯ ಹಾಡನ್ನು ಹಾಕಿಸಿ ಕೇಳಿ. ಒಳಗಿನ ಗೆರೆಗಳಲ್ಲಿ ಸವೆತ ಮೊದಲು ಗೊತ್ತಾಗುತ್ತದೆ.

ಮೊದಲ ಕಾಲದ ಪ್ರತಿ ಗುರುತಿಸುವುದು ಕಷ್ಟವಲ್ಲ. ಮೋನೊಗೆ ಕೆಂಪು ಲೇಬಲ್, ‘ಡೆಕ್ಕಾ’ ಹೆಸರಿನ ಸುತ್ತ ಚೌಕಟ್ಟು ಇರುವುದಿಲ್ಲ. ಚೌಕಟ್ಟು ಬಂದದ್ದು ಆ ದಶಕದ ಕೊನೆಗೆ. ಪಾಪ್‌ನ ಕ್ಯಾಟಲಾಗ್ ನಂಬರ್ ಎಲ್‌ಕೆ 4689, ಫೋಕ್‌ನದು ಎಲ್‌ಕೆ 4688.

ಅಮೆರಿಕದ ಪ್ರತಿಗಳು ಅಗ್ಗಕ್ಕೆ ಸಿಗುತ್ತವಲ್ಲ, ಅವು ಆಗಲ್ವಾ? ಅಲ್ಲಿ ಡೆಕ್ಕಾದ ರೆಕಾರ್ಡ್‌ಗಳು ‘ಲಂಡನ್’ ಅನ್ನುವ ಲೇಬಲ್‌ನಲ್ಲಿ ಬಂದವು. ಪಾಪ್ ಎಲ್‌ಪಿಗೆ ನನ್ನ ಅಭ್ಯಂತರವಿಲ್ಲ. ಆದರೆ ‘ಕಮ್ ಮೈ ವೇ’ ಅಲ್ಲಿ ಆಗ ಅದೇ ರೂಪದಲ್ಲಿ ಬರಲೇ ಇಲ್ಲ. ಅದರ ಕೆಲವು ಹಾಡುಗಳನ್ನು ಬೇರೆ ಹಾಡುಗಳ ಜೊತೆ ಸೇರಿಸಿ ‘ಗೋ ಅವೇ ಫ್ರಮ್ ಮೈ ವರ್ಲ್ಡ್’ ಅಂತ ಮಾಡಿದರು. ಹಾಡುಗಳು ಚೆನ್ನಾಗಿವೆ. ಆದರೆ ಪಾಪ್ ಬೇರೆ, ಫೋಕ್ ಬೇರೆ ಅಂತ ಇಟ್ಟಿದ್ದರಲ್ಲ, ಆ ಯೋಚನೆಯೇ ಅಲ್ಲಿ ಕಳೆದುಹೋಗಿದೆ. ನನಗೆ ಬೇಕಿರುವುದು ಆ ಯೋಚನೆಯೇ.

ಈ ಎರಡನ್ನೂ ಮೀರಿಸಿದ ಮೂರನೆಯದೊಂದು ಇದೆ. 1966ರ ‘ನಾರ್ತ್ ಕಂಟ್ರಿ ಮೇಡ್’, ಎಲ್‌ಕೆ 4778. ಇದೂ ಫೋಕ್. ಒಂದೇ ವರ್ಷದಲ್ಲಿ ಅವರ ಹಾಡಿಕೆ ಎಷ್ಟು ಮಾಗಿದೆ ಅಂತೀರಿ! ‘ಕಮ್ ಮೈ ವೇ’ಯಲ್ಲಿ ಅಲ್ಲಲ್ಲಿ ಶಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗಿದೆ. ಇಲ್ಲಿ ಆ ಹೆದರಿಕೆ ಇಲ್ಲ. ‘ಸ್ಕಾರ್ಬರೋ ಫೇರ್’ನಂಥ ಹಳೆಯ ಹಾಡುಗಳ ಪಕ್ಕದಲ್ಲೇ ಟಾಮ್ ಪ್ಯಾಕ್ಸ್‌ಟನ್, ಡಾನವನ್ ಬರೆದ ಹೊಸ ಹಾಡುಗಳಿವೆ. ಸಿತಾರ್ ದನಿಯೂ ಬರುತ್ತದೆ. ಸುಮ್ನೆ ಅಲಂಕಾರಕ್ಕೆ ಇಟ್ಟ ಹಾಗೆ ಅನ್ನಿಸುವುದಿಲ್ಲ, ಹಾಡಿನ ಗುಂಗಿನೊಳಗೇ ಕೂತಿದೆ. ಒಳ್ಳೆಯ ಪ್ರತಿ ಸಿಗುವುದು ಮಾತ್ರ ಕಷ್ಟ. ಬೆಲೆಯೂ ಮೊದಲಿನ ಎರಡಕ್ಕಿಂತ ಮೇಲೆ.

1967ರ ‘ಲವ್ ಇನ್ ಎ ಮಿಸ್ಟ್’ ಮತ್ತೆ ವಾದ್ಯಗೋಷ್ಠಿಯ ಕಡೆ ವಾಲುತ್ತದೆ. ಟಿಮ್ ಹಾರ್ಡಿನ್ ಬರೆದ ಹಾಡುಗಳಿಗಾಗಿ ಇಟ್ಟುಕೊಂಡಿದ್ದೇನೆ, ಅಷ್ಟೇ.

1979ರ ‘ಬ್ರೋಕನ್ ಇಂಗ್ಲಿಷ್’ ಕೇಳಿ ಇವರನ್ನು ಮೆಚ್ಚಿದವರಿಗೆ ಒಂದು ಮಾತು. ಅಷ್ಟು ಹೊತ್ತಿಗೆ ಅವರ ದನಿ ಒಡೆದು, ಒರಟಾಗಿ, ತಗ್ಗಿಗೆ ಇಳಿದಿತ್ತು. ಆ ದನಿ ಹುಡುಕಿಕೊಂಡು ಅರವತ್ತರ ದಶಕದ ರೆಕಾರ್ಡ್‌ಗಳಿಗೆ ಬಂದರೆ ನಿರಾಸೆಯಾಗುತ್ತದೆ. ಅಂಥವರು ಪಾಪ್ ಎಲ್‌ಪಿ ಬಿಟ್ಟು ನೇರ ‘ನಾರ್ತ್ ಕಂಟ್ರಿ ಮೇಡ್’ಗೆ ಬರಲಿ. ಬರೀ ಹಿಟ್ ಹಾಡುಗಳು ಸಾಕು ಅನ್ನುವವರಿಗೆ ಡೆಕ್ಕಾದ ಅಗ್ಗದ ‘ದಿ ವರ್ಲ್ಡ್ ಆಫ್’ ಸರಣಿಯಲ್ಲಿ ಇವರದೂ ಒಂದು ಸಂಕಲನವಿದೆ, ಅದು ಸುಲಭವಾಗಿ ಸಿಗುತ್ತದೆ. ಉಳಿದವರು ‘ಕಮ್ ಮೈ ವೇ’ಯಿಂದ ಶುರು ಮಾಡಿ, ಕೈಯಲ್ಲಿ ದುಡ್ಡು ಕೂಡಿದಾಗ 1966ರದನ್ನು ಹುಡುಕಿ. ಪಾಪ್ ಎಲ್‌ಪಿಗೆ ಅವಸರ ಬೇಡ, ಅದರ ಪ್ರತಿಗಳು ಬರುತ್ತಲೇ ಇರುತ್ತವೆ.