ಹಲಾಲ್ ಪ್ರಮಾಣೀಕರಣ ಸೇವೆ: ಮುದ್ರೆಗಿಂತ ಕಡತವೇ ಮುಖ್ಯ

ಉತ್ಪನ್ನ ಇಸ್ಲಾಂ ನಿಯಮಕ್ಕೆ ಒಪ್ಪುತ್ತದೆ ಎಂದು ಪರಿಶೀಲಿಸಿ ಪತ್ರ ಕೊಡುವುದೇ ಹಲಾಲ್ ಪ್ರಮಾಣೀಕರಣ. ಸೇವೆಯಾಗಿ ನೋಡಿದರೆ ಇದರ ಗಟ್ಟಿ ಭಾಗ ಕಾರ್ಖಾನೆ ಭೇಟಿಯಲ್ಲ, ಅದಕ್ಕೂ ಮುಂಚಿನ ಕಡತ ಪರಿಶೀಲನೆ. ಪ್ರತಿ ಕಚ್ಚಾವಸ್ತುವಿನ ಮೂಲ, ಪೂರೈಕೆದಾರರ ಹೆಸರು, ತಯಾರಿಕೆಯ ವಿಧಾನ ಎಲ್ಲವನ್ನೂ ಪ್ರಮಾಣೀಕರಣ ಸಂಸ್ಥೆಯವರು ಕೇಳುತ್ತಾರೆ. ಅರ್ಜಿಗಳು ಸಿಕ್ಕಿಬೀಳುವುದೂ ಇಲ್ಲೇ. ಇ471 ಎಂಬ ಎಮಲ್ಸಿಫೈಯರ್ (ಎಣ್ಣೆ, ನೀರನ್ನು ಬೆರೆಸಿ ಹಿಡಿದಿಡುವ ಪದಾರ್ಥ) ಸಸ್ಯದ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ; ಬರೀ ಸಂಖ್ಯೆ ನೋಡಿ ಹೇಳಲಾಗದು. ಗ್ಲಿಸರಿನ್, ಸ್ಟಿಯರಿಕ್ ಆಮ್ಲದ ಕಥೆಯೂ ಅದೇ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ದನದ್ದಾದರೆ ಸಾಲದು, ಹಲಾಲ್ ವಿಧಾನದ ವಧೆಯ ದಾಖಲೆಯೂ ಬೇಕು. ಸುವಾಸನೆ ದ್ರಾವಣಗಳಲ್ಲಿ ಎಥನಾಲ್ (ಮದ್ಯಸಾರ) ಅಡಗಿರಬಹುದು. ಅದರ ಮಿತಿ ಒಂದೊಂದು ಮಾನದಂಡದಲ್ಲಿ ಒಂದೊಂದು.

ನಂತರ ಸಂಸ್ಥೆಯ ತಪಾಸಕರು ಕಾರ್ಖಾನೆಗೆ ಬಂದು ಗೋದಾಮು, ಯಂತ್ರಸಾಲು, ಲೂಬ್ರಿಕೆಂಟ್, ಕೊನೆಗೆ ಬ್ರಷ್ಷಿನ ಬಿರುಗೂದಲನ್ನೂ ನೋಡುತ್ತಾರೆ (ಹಂದಿಕೂದಲಿನ ಬ್ರಷ್ ಎಷ್ಟೋ ಕಡೆ ಇನ್ನೂ ಇದೆ!). ಮಲೇಷ್ಯಾದ ಪದ್ಧತಿಯಲ್ಲಿ, ಹಂದಿ ಅಂಶ ತಾಗಿದ ಯಂತ್ರಸಾಲನ್ನು ಏಳು ಬಾರಿ ತೊಳೆಯಬೇಕು, ಅದರಲ್ಲೊಮ್ಮೆ ಮಣ್ಣು ಬೆರೆಸಿದ ನೀರಿನಿಂದ. ಅನುಮಾನವಿದ್ದರೆ ಮಾದರಿ ಡಿಎನ್‌ಎ ಪರೀಕ್ಷೆಗೆ ಹೋಗುತ್ತದೆ.

ದೊಡ್ಡ ಕೊರತೆ: ಇಡೀ ಜಗತ್ತಿಗೆ ಒಂದೇ ಮುದ್ರೆ ಇಲ್ಲ. ರಫ್ತು ಮಾಡುವವರು, ಆಮದು ದೇಶ ತಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಮಾನ್ಯ ಮಾಡಿದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ಕೊಳ್ಳುವವರು ಮುದ್ರೆಯನ್ನಷ್ಟೇ ನಂಬದೆ, ಸಂಸ್ಥೆಯ ಹೆಸರು, ಅವಧಿ, ಪ್ರಮಾಣಪತ್ರದ ಪಟ್ಟಿಯಲ್ಲಿ ಆ ಉತ್ಪನ್ನ ಇದೆಯೇ ಎಂಬುದನ್ನು ನೋಡಲಿ. ಪ್ರಮಾಣಪತ್ರ ಸಾಮಾನ್ಯವಾಗಿ ನಿರ್ದಿಷ್ಟ ಉತ್ಪನ್ನಕ್ಕೆ, ನಿರ್ದಿಷ್ಟ ಕಾರ್ಖಾನೆಗೆ, ಇಡೀ ಬ್ರಾಂಡಿಗಲ್ಲ. ಪೂರೈಕೆದಾರರನ್ನು ಬದಲಿಸಿ ತಿಳಿಸದೆ ಬಿಟ್ಟರೆ ಅದು ರದ್ದಾಗಲೂಬಹುದು.