ಡಿಸೈನರ್ ಅನಾರ್ಕಲಿ ಲುಕ್‌ಗೆ ಮೂರು ದಾರಿ: ಹಳೆ ರೇಷ್ಮೆ ಸೀರೆ, ಕಾಪಿ ಗೌನ್, ಬಾಡಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೆ ರೇಷ್ಮೆ ಸೀರೆ ಕತ್ತರಿಸಿ ಹೊಲಿಸುವ ಅನಾರ್ಕಲಿಗೆ. ನಾಲ್ಕು ಸಾವಿರದ ಆಸುಪಾಸಿನಲ್ಲಿ ಲಕ್ಷದ ಬಟ್ಟೆಯ ಕಳೆ ಬೇಕು ಅಂದರೆ ದಾವಣಗೆರೆಯಲ್ಲಿ ನನಗೆ ಇದಕ್ಕಿಂತ ಒಳ್ಳೆ ದಾರಿ ಕಂಡಿಲ್ಲ. ಉಳಿದ ಎರಡನ್ನೂ ಹಾಕಿಕೊಂಡು ಓಡಾಡಿದ್ದೇನೆ. ಒಂದು, ಆನ್‌ಲೈನ್‌ನಲ್ಲಿ ಸಿಗುವ ಡಿಸೈನರ್ ಕಾಪಿ ಗೌನ್. ಇನ್ನೊಂದು, ದಿನದ ಬಾಡಿಗೆಗೆ ಸಿಗುವ ಗ್ರ್ಯಾಂಡ್ ಅನಾರ್ಕಲಿ.

ನನಗೆ ಬೇಕಿದ್ದದ್ದು ಇಷ್ಟು: ಕಡುಗೆಂಪು ಬಣ್ಣ, ನೆಲ ಮುಟ್ಟುವ ಘೇರು (ಸೊಂಟದಿಂದ ಕೆಳಗಿನ ಅಗಲ ಸುತ್ತು), ಅಗಲವಾದ ಜರಿ ಅಂಚು, ಉದ್ದ ತೋಳು, ಸೊಂಟಕ್ಕೊಂದು ಬೆಲ್ಟ್. ಫ್ಯಾಶನ್ ಡಿಸೈನರ್ ಸಬ್ಯಸಾಚಿ ಅವರ ಬಟ್ಟೆಗಳನ್ನು ನೋಡಿದವರಿಗೆ ಗೊತ್ತಾಗುತ್ತೆ. 1999ರಲ್ಲಿ ಕೋಲ್ಕತ್ತಾದಲ್ಲಿ ಶುರುವಾದ ಆ ಲೇಬಲ್‌ನ ಮದುವೆ ಲೆಹೆಂಗಾಗಳ ಬೆಲೆ ಈಗ ಲಕ್ಷಗಳಲ್ಲಿದೆ. 2017ರ ಡಿಸೆಂಬರ್‌ನಲ್ಲಿ ನಟಿ ಅನುಷ್ಕಾ ಶರ್ಮಾ ತಮ್ಮ ಮದುವೆಯ ದೆಹಲಿ ರಿಸೆಪ್ಶನ್‌ಗೆ ಉಟ್ಟ ಕೆಂಪು ಬನಾರಸಿ ಸೀರೆಯೂ ಅವರದ್ದೇ. ಆ ಫೋಟೋ ಇನ್ನೊಮ್ಮೆ ನೋಡಿ. ಕಣ್ಣು ನಿಲ್ಲೋದು ನೇಯ್ಗೆಯ ಮೇಲೆ, ಬಣ್ಣದ ಮೇಲೆ. ನೇಯ್ಗೆ ಮತ್ತು ಬಣ್ಣ ಎರಡೂ ನಮ್ಮ ಅಜ್ಜಿಯರ ಟ್ರಂಕ್‌ನಲ್ಲಿ ಇದ್ದವೇ ಅಲ್ವಾ?

2021ರ ಆಗಸ್ಟ್‌ನಲ್ಲಿ ಸಬ್ಯಸಾಚಿ ಅವರೇ ಎಚ್ ಅಂಡ್ ಎಂ ಅನ್ನೋ ರೆಡಿಮೇಡ್ ಬಟ್ಟೆ ಕಂಪನಿ ಜೊತೆ ಸೇರಿ ಸಾಮಾನ್ಯ ಜನರಿಗೂ ಎಟುಕಲಿ ಅಂತ ಬಟ್ಟೆ ತಂದರು. ಅದರಲ್ಲಿದ್ದ ಸೀರೆಗೆ 9,999 ರೂಪಾಯಿ, ಅದೂ ಪ್ರಿಂಟ್ ಸೀರೆ. ಕರಕುಶಲ ಸಂಘಟನೆಗಳು ಬಹಿರಂಗ ಪತ್ರ ಬರೆದು ಬೇಸರ ಹೇಳಿಕೊಂಡಿದ್ದವು. ನನಗೂ ಅವತ್ತು ಹಾಗೇ ಅನ್ನಿಸಿತ್ತು. ಮಗ್ಗದಲ್ಲಿ ನೇಯ್ದ ಮೊಳಕಾಲ್ಮೂರು ರೇಷ್ಮೆ ನಮ್ಮ ಪಕ್ಕದ ಜಿಲ್ಲೆಯದ್ದು. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ನಮ್ಮದೇ ಅಂದರೂ ತಪ್ಪಿಲ್ಲ. ಅದನ್ನು ಬಿಟ್ಟು ಪ್ರಿಂಟಿಗೆ ಹತ್ತು ಸಾವಿರ ಯಾಕೆ?

ಕಾಪಿ ಗೌನ್ ವಿಷಯ ಬೇಗ ಮುಗಿಸುತ್ತೇನೆ. ನಾದಿನಿ ನಿಶ್ಚಿತಾರ್ಥಕ್ಕೆ ತರಿಸಿದ್ದೆ. ಗೌನ್‌ಗೆ 3,499, ಭುಜ ಮತ್ತು ಸೊಂಟ ಸರಿಮಾಡಿಸೋಕೆ 600. ಫೋಟೋದಲ್ಲಿ ಕಡುಗೆಂಪು ಇದ್ದದ್ದು ಕೈಗೆ ಬಂದಾಗ ಟೊಮ್ಯಾಟೊ ಕೆಂಪು. ಅಂಚು ನೇಯ್ದದ್ದಲ್ಲ, ಬೇರೆ ಲೇಸ್ ತಂದು ಹೊಲಿದದ್ದು. ಅಲ್ಲಲ್ಲಿ ಕಲ್ಲುಗಳನ್ನು ಗಮ್ ಹಾಕಿ ಅಂಟಿಸಿದ್ದರು, ಊಟದ ಹೊತ್ತಿಗೆ ಕೆಲವು ಉದುರಿದವು. ಪಾಲಿಯೆಸ್ಟರ್ ಆದ್ದರಿಂದ ಬೆವರು ಒಳಗೇ ನಿಂತು ಬೆನ್ನೆಲ್ಲ ಅಂಟಂಟು. ಫ್ಲ್ಯಾಶ್ ಬಿದ್ದ ಪ್ರತಿ ಫೋಟೋದಲ್ಲೂ ಬಟ್ಟೆ ಬೆಳ್ಳಗೆ ಹೊಳೆದಿದೆ.

ನಮ್ಮ ಮಾವ ಇಲ್ಲಿನ ಕಾಟನ್ ಮಿಲ್‌ನಲ್ಲಿ ದುಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಬಟ್ಟೆ ಹೇಗಿದೆ ಅಂತ ಕೇಳಿದರೆ ಅವರು ಮೊದಲು ನೋಡಲ್ಲ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜುತ್ತಾರೆ. ಗೌನ್ ಮುಟ್ಟಿ, "ಇದು ಬಟ್ಟೆ ಅಲ್ಲಮ್ಮ, ಪ್ಲಾಸ್ಟಿಕ್ಕು" ಅಂದರು. ಮುಂದೆ ನಾನು ತಂದ ಹಳೆ ಸೀರೆಯನ್ನೂ ಹಾಗೇ ಉಜ್ಜಿದರು. "ಹಾಸು ಗಟ್ಟಿ ಐತೆ. ಹೊಕ್ಕು ಅಲ್ಲಲ್ಲಿ ಸೋತೈತೆ, ಮಡಿಕೆ ಕಡೆ ಹುಷಾರು" ಅಂದರು. ಹಾಸು ಅಂದರೆ ಉದ್ದದ ಎಳೆ, ಹೊಕ್ಕು ಅಂದರೆ ಅಡ್ಡ ಎಳೆ. ನಾನು ಕೊಟ್ಟ ದುಡ್ಡಿಗೆ ಇದಕ್ಕಿಂತ ನಿಖರವಾದ ಪರೀಕ್ಷೆ ಎಲ್ಲೂ ಸಿಗುತ್ತಿರಲಿಲ್ಲ.

ಬಾಡಿಗೆಯದ್ದು ಇಷ್ಟು ಕೆಟ್ಟದಲ್ಲ. ಬಟ್ಟೆ ಚೆನ್ನಾಗಿತ್ತು, ಕೈಕಸೂತಿ ಕೆಲಸವೂ ಅಚ್ಚುಕಟ್ಟು. ಬಾಡಿಗೆ 3,000, ಡಿಪಾಸಿಟ್ 5,000. ಆದರೆ ಅಳತೆ ನಮ್ಮದಲ್ಲ. ಒಳಗೆ ಕಚ್ಚಾ ಹೊಲಿಗೆ ಹಾಕಿ ಸಣ್ಣ ಮಾಡಿಕೊಡುತ್ತಾರೆ, ತೋಳು ಎತ್ತಿದರೆ ಎಲ್ಲಿ ಬಿಟ್ಟುಬಿಡುತ್ತೋ ಅನ್ನೋ ಭಯ. ಊಟಕ್ಕೆ ಕೂತಾಗ ಹೋಳಿಗೆ ಮೇಲೆ ತುಪ್ಪ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು ಬೇಡ ಅಂದೆ. ಒಂದು ಹನಿ ಬಿದ್ದರೂ ಡಿಪಾಸಿಟ್‌ನಲ್ಲಿ ಮುರಿಯುತ್ತಾರೆ. ಮದುವೆ ಮನೆಯಲ್ಲಿ ತುಪ್ಪ ಬೇಡ ಅನ್ನಿಸುವ ಬಟ್ಟೆ ನನಗೆ ಒಗ್ಗಲ್ಲ.

ಇನ್ನು ಸೀರೆ. ಹಳೆ ಜರಿ ಸೀರೆ ಕೊಳ್ಳುತ್ತೇವೆ ಅಂತ ಬೀದಿ ಬೀದಿ ಸುತ್ತುವವರನ್ನು ನೀವೂ ನೋಡಿರುತ್ತೀರಿ. ಅವರಿಗೆ ಬೇಕಿರೋದು ಸೀರೆಯಲ್ಲ, ಜರಿಯಲ್ಲಿರುವ ಬೆಳ್ಳಿ. ಅಸಲಿ ಜರಿ ಅಂದರೆ ರೇಷ್ಮೆ ನೂಲಿಗೆ ಬೆಳ್ಳಿ ಎಳೆ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಹೀಗೆ ಕೊಳ್ಳುವವರೊಬ್ಬರ ಹತ್ತಿರ, "ಅಣ್ಣಾ, ಬೆಂಕಿಗೆ ಹೋಗೋ ಮುಂಚೆ ನನಗೊಂದ್ಸಲ ತೋರ್ಸ್ರಿ" ಅಂತ ಹೇಳಿಟ್ಟಿದ್ದೆ. ಅವರು ತಂದು ತೋರಿಸಿದವುಗಳಲ್ಲಿ ಒಂದು ಕಡುಗೆಂಪು ಸೀರೆಗೆ 1,800 ಕೊಟ್ಟೆ. ಒಳಗೆ ಸಿಕ್ಕಿಸಿಕೊಳ್ಳುವ ತುದಿ ಹರಿದಿತ್ತು. ಉಡೋಕೆ ಬರಲ್ಲ, ಹೊಲಿಯೋಕೆ ಬರುತ್ತೆ. ನನ್ನ ಒಂದು ನಿಯಮ ಇದೆ: ಇನ್ನೂ ಉಡುವಂತಿರುವ ಸೀರೆಗೆ ಕತ್ತರಿ ಹಾಕಬಾರದು. ನೇಯ್ದವರು ಸೀರೆ ಅಂತ ನೇಯ್ದದ್ದು ಅದು. ಸುಡೋಕೆ ಹೊರಟಿದ್ದನ್ನು ಉಳಿಸಿಕೊಂಡರೆ ಮಾತ್ರ ನನಗೆ ಸಮಾಧಾನ.

ಕೊಳ್ಳುವಾಗ ನೋಡಬೇಕಾದದ್ದು ಜಾಸ್ತಿ ಇಲ್ಲ. ಸೀರೆಯನ್ನು ಬೆಳಕಿಗೆ ಹಿಡಿಯಿರಿ, ಮಡಿಕೆ ಗೆರೆಯಲ್ಲಿ ಬೆಳಕು ತೂರಿ ಬಂದರೆ ಅಲ್ಲಿ ಒಡೆಯುತ್ತೆ. ಎರಡು ಹೆಬ್ಬೆರಳಿಂದ ಮಡಿಕೆಯ ಎರಡೂ ಕಡೆ ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಬಿಟ್ಟುಬಿಡಿ. ಅಂಚಿನಿಂದ ಒಂದೆಳೆ ಕಿತ್ತು ಸುಟ್ಟರೆ ರೇಷ್ಮೆಗೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ.

ಹೊಲಿಗೆಯಲ್ಲಿ ಒಂದು ವಿಷಯ ಮಾತ್ರ ಹಟ ಹಿಡಿದು ಮಾಡಿಸಿ. ನಮ್ಮ ಟೈಲರ್ ಸೀರೆ ನೋಡಿದ ತಕ್ಷಣ, "ಕಳಿ ಕತ್ತರಿಸ್ಲೇನ್ರಿ ಅಕ್ಕಾ?" ಅಂದರು. ಬೇಡ ಅಂದೆ. ಕಳಿ ಅಂದರೆ ಮೇಲೆ ಕಿರಿದು, ಕೆಳಗೆ ಅಗಲ ಇರುವ ಪಟ್ಟಿ. ಹಾಗೆ ಕತ್ತರಿಸಿದರೆ ಅಂಚು ತುಂಡು ತುಂಡಾಗುತ್ತೆ, ಕೆಳಗೆ ಎಷ್ಟು ಜೋಡಿಸಿದರೂ ಗೆರೆ ಸೇರಲ್ಲ. ದುಬಾರಿ ಬಟ್ಟೆ ಅನ್ನಿಸೋದು ಅಂಚು ಒಂದೇ ಸಮ ಸುತ್ತಿ ಬಂದಾಗ. ಹಾಗಾಗಿ ಸೀರೆಯ ಉದ್ದವನ್ನೇ ಸೊಂಟದ ಸುತ್ತ ತಂದು ನೆರಿಗೆ ಹಿಡಿಸಿದೆವು. ಐದೂವರೆ ಮೀಟರ್‌ನಲ್ಲಿ ಹರಿದ ಅರ್ಧ ಮೀಟರ್ ಹೋಯ್ತು. ಮೂರೂವರೆ ಮೀಟರ್ ಘೇರಿಗೆ, ಉಳಿದದ್ದರಲ್ಲಿ ಸೆರಗು ಮೈಭಾಗಕ್ಕೆ, ಮಿಕ್ಕಿದ್ದು ತೋಳಿಗೆ. ಎರಡೂ ಕಡೆ ಅಂಚಿದ್ದ ಸೀರೆ ಅದು. ಮೇಲಿನ ಅಂಚನ್ನು ಬಿಡಿಸಿ ತೋಳಿನ ತುದಿಗೂ ಬೆಲ್ಟಿಗೂ ಹಾಕಿದರು. ಬೆಲ್ಟಿಗೆ ಬೇರೆ ಖರ್ಚೇ ಬರಲಿಲ್ಲ. ಬಟ್ಟೆ ಸೋತ ಮಡಿಕೆಗಳ ಹಿಂದೆ ಪೇಸ್ಟಿಂಗ್ (ಬಿಸಿಗೆ ಅಂಟಿಕೊಳ್ಳುವ ಒಳಬಟ್ಟೆ) ಇಟ್ಟು ಇಸ್ತ್ರಿ ಮಾಡಿ, ಆ ಗೆರೆ ನೆರಿಗೆಯ ಒಳಗೆ ಹೋಗುವ ಹಾಗೆ ನೋಡಿಕೊಂಡರು. ನಾನು ಐದಡಿ ಎರಡಿಂಚು, ಸೀರೆಯ ಅಗಲ ಸೊಂಟದಿಂದ ನೆಲಕ್ಕೆ ಆರಾಮಾಗಿ ಸಾಕಾಯ್ತು. ಜಾಸ್ತಿ ಎತ್ತರ ಇರುವವರು ಮೈಭಾಗವನ್ನು ಸ್ವಲ್ಪ ಕೆಳಗೆ ಇಳಿಸಿಸಿಕೊಳ್ಳಿ.

ಈಗ ಕಾಟ ಕೊಟ್ಟ ವಿಷಯಕ್ಕೆ ಬರುತ್ತೇನೆ. ಡಾಂಬರ್ ಗುಳಿಗೆ ವಾಸನೆ.

ಯಾರೋ ಪುಣ್ಯಾತ್ಗಿತ್ತಿ ಆ ಸೀರೆಯನ್ನು ವರ್ಷಗಟ್ಟಲೆ ಗುಳಿಗೆ ಜೊತೆ ಟ್ರಂಕ್‌ನಲ್ಲಿ ಇಟ್ಟಿದ್ದಾರೆ. ಕವರ್ ಬಿಚ್ಚಿದ ತಕ್ಷಣ ಮೂಗು ಕಟ್ಟಿತು. ಡ್ರೈ ಕ್ಲೀನಿಂಗ್‌ಗೆ ಕೊಟ್ಟರೆ ಹೋಗುತ್ತೆ ಅಂತ 250 ಕೊಟ್ಟೆ. ಬಂದಾಗ ಕೊಳೆ ಹೋಗಿತ್ತು, ಹೊಳಪೂ ಬಂದಿತ್ತು, ವಾಸನೆ ಮಾತ್ರ ಇತ್ತು. ಇನ್ನೊಮ್ಮೆ ಹಾಕಿಕೊಡಿ ಅಂದರೆ, "ಹೋಗುತ್ತೆ ಬಿಡಿ ಮೇಡಂ, ಎರಡು ದಿನ ಬಿಡಿ" ಅಂದರು. ಮನೆಯ ರೂಮಿನಲ್ಲಿ ನೇತುಹಾಕಿದೆ. ಸೀರೆಯ ವಾಸನೆ ಹೋಗುವ ಬದಲು ರೂಮಿಗೇ ಹತ್ತಿಕೊಂಡಿತು.

ಸೆಂಟ್ ಹೊಡಿ ಅಂತ ಎಲ್ಲರೂ ಹೇಳುತ್ತಾರೆ. ದಯವಿಟ್ಟು ಬೇಡ. ಎರಡು ವಾಸನೆ ಸೇರಿ ಮೂರನೇದೊಂದು ಆಗುತ್ತೆ, ಮೇಲೆ ರೇಷ್ಮೆಗೆ ಕಲೆ ಬೀಳುತ್ತೆ, ಜರಿ ಕಪ್ಪಾಗುತ್ತೆ. ನೀರಲ್ಲಿ ಹಾಕೋಣ ಅಂದರೆ ಹಳೆ ಕೆಂಪು ಬಣ್ಣ ಬಿಡುವ ಭಯ. ಬಿಸಿಲಿಗೆ ಹಾಕಿದರೆ ವಾಸನೆ ಬೇಗ ಹೋಗುತ್ತೆ, ಬಣ್ಣವೂ ಜೊತೆಗೇ ಹೋಗುತ್ತೆ. ಕಾಫಿ ಪುಡಿ ಬಟ್ಟಲಲ್ಲಿ ಇಟ್ಟು ನೋಡಿದೆ. ಕಾಫಿ ಪುಡಿ ಹಾಳಾಯ್ತು ಅಷ್ಟೇ.

ಕೊನೆಗೆ ದಾರಿ ಹೊಳೆದದ್ದು ಆ ಗುಳಿಗೆಯ ಗುಣದಿಂದಲೇ. ಡಾಂಬರ್ ಗುಳಿಗೆ ಕರಗಿ ನೀರಾಗಲ್ಲ, ಹಾಗೇ ಆವಿಯಾಗಿ ಸವೆಯುತ್ತೆ. ಬಟ್ಟೆಯಲ್ಲಿ ಹಿಡಿದಿರೋದೂ ಅದೇ ಆವಿ. ಅಂದರೆ ಅದಕ್ಕೆ ಬೇಕಿರೋದು ಬಿಸಿ ಮತ್ತು ಓಡಾಡುವ ಗಾಳಿ. ಸೀರೆಯನ್ನು ಪೂರ್ತಿ ಬಿಚ್ಚಿ, ಮಹಡಿಯ ನೆರಳಲ್ಲಿ, ಹಳೆ ಪಂಚೆ ಸುತ್ತಿದ ಬಿದಿರು ಗಳದ ಮೇಲೆ ಒಂದೇ ಪದರಾಗಿ ಹರಡಿದೆ. ಒಂದರ ಮೇಲೊಂದು ಮಡಿಕೆ ಬಿದ್ದರೆ ನಡುವೆ ವಾಸನೆ ನಿಂತುಬಿಡುತ್ತೆ, ಆದ್ದರಿಂದ ದಿನಾ ಜಾಗ ಬದಲಿಸಿದೆ. ನಮ್ಮೂರ ಮಾರ್ಚ್ ಗಾಳಿ ಒಣಗಾಳಿ, ಅದು ಕೆಲಸ ಮಾಡಿತು. ಸಂಜೆ ಫ್ಯಾನ್ ಕೆಳಗೆ ಉಲ್ಟಾ ಕಡೆಯಿಂದ, ಮೇಲೊಂದು ಹತ್ತಿ ಬಟ್ಟೆ ಹಾಕಿ, ಹದವಾದ ಇಸ್ತ್ರಿ. ಇಸ್ತ್ರಿ ತಾಗಿದಾಗ ಮೊದಮೊದಲು ಘಾಟು ಜೋರಾಗಿ ಏಳುತ್ತೆ, ಗಾಬರಿಯಾಗಬೇಡಿ, ಅದು ಹೊರಗೆ ಹೋಗ್ತಿದೆ ಅಂತ ಅರ್ಥ. ಕಿಟಕಿ ತೆಗೆದಿರಿ, ಮಕ್ಕಳನ್ನು ಆ ಕಡೆ ಕಳಿಸಿ. ಕೆಲವು ವಾರ ಹಿಡಿಯಿತು. ನೆರಿಗೆ ಹಿಡಿದು ಲೈನಿಂಗ್ ಹಾಕಿದ ಮೇಲೆ ಇದು ಸಾಧ್ಯವೇ ಇಲ್ಲ, ಪದರುಗಳ ನಡುವೆ ಸಿಕ್ಕಿಕೊಳ್ಳುತ್ತೆ. ಹಾಗಾಗಿ ವಾಸನೆ ಪೂರ್ತಿ ಹೋಗುವವರೆಗೆ ಟೈಲರ್ ಕೈಗೆ ಕೊಡಲೇಬೇಡಿ.

ಒಟ್ಟು ಲೆಕ್ಕ: ಸೀರೆ 1,800, ಡ್ರೈ ಕ್ಲೀನಿಂಗ್ 250, ಹತ್ತಿ ಲೈನಿಂಗ್ ಮತ್ತು ಪೇಸ್ಟಿಂಗ್ 400, ಹೊಲಿಗೆ 1,600. ಎಲ್ಲ ಸೇರಿ 4,050. ಕಾಪಿ ಗೌನ್‌ಗೆ 4,099 ಹೋಗಿತ್ತು. ಸುಮಾರು ಐವತ್ತು ರೂಪಾಯಿ ಕಡಿಮೆಗೆ ಅಸಲಿ ರೇಷ್ಮೆ, ಅಸಲಿ ಜರಿ, ನನ್ನದೇ ಅಳತೆ. ಹೊಲಿಗೆಗೆ 1,600 ಜಾಸ್ತಿ ಅಂತ ಅತ್ತೆ ಅಂದರು. ನನ್ನ ಪ್ರಕಾರ ಅದೇ ಅತಿ ಒಳ್ಳೆ ಖರ್ಚು. ಸೀರೆಗೆ ಚೌಕಾಸಿ ಮಾಡಿ, ಟೈಲರ್ ಹತ್ತಿರ ಮಾಡಬೇಡಿ. ಭುಜದ ಹೊಲಿಗೆ ಭುಜದ ಮೂಳೆ ಮೇಲೇ ಕೂತರೆ ಬಟ್ಟೆಯ ಬೆಲೆ ಯಾರೂ ಕೇಳಲ್ಲ.

ಭುಜದ ಮಾತು ಗಂಡಸರಿಗೂ ಅನ್ವಯಿಸುತ್ತೆ. ನನ್ನ ತಮ್ಮ ರಸ್ತೆ ಬದಿಯ ಹಳೆ ಬಟ್ಟೆ ರಾಶಿಯಿಂದ 450ಕ್ಕೆ ಉಣ್ಣೆ ಬ್ಲೇಜರ್ ತಂದ. ತೋಳು ಗಿಡ್ಡ ಮಾಡಿಸಬಹುದು, ಸೊಂಟ ಹಿಡಿಸಬಹುದು. ಭುಜ ದೊಡ್ಡದಿದ್ದರೆ ಮಾತ್ರ ಅಲ್ಲೇ ಬಿಟ್ಟು ಬನ್ನಿ, ಅದನ್ನು ಸರಿಮಾಡುವ ಖರ್ಚಿಗೆ ಹೊಸದೇ ಬರುತ್ತೆ.

ಸೀರೆ ದಾರಿ ಎಲ್ಲರಿಗೂ ಹೊಂದುತ್ತೆ ಅನ್ನಲ್ಲ. ಮದುವೆ ಹದಿನೈದು ದಿನದಲ್ಲಿ ಇದ್ದರೆ ಸುಮ್ನೆ ಬಾಡಿಗೆಗೆ ಹೋಗಿ, ವಾಸನೆ ಅಷ್ಟರಲ್ಲಿ ಹೋಗಲ್ಲ. ತಿಳಿ ಬಣ್ಣ, ತುಂಬಾ ಕಸೂತಿ ಇಷ್ಟಪಡುವವರಿಗೂ ಬಾಡಿಗೆಯೇ ಸರಿ, ಹಳೆ ಸೀರೆಗಳಲ್ಲಿ ಆ ಬಗೆ ನನಗೆ ಸಿಕ್ಕಿಲ್ಲ. ಕಾಪಿ ಗೌನ್ ಮಾತ್ರ ಯಾರಿಗೂ ಹೇಳಲ್ಲ. ನಾನು ಒಂದೇ ಬಟ್ಟೆಯನ್ನು ಮೂರು ನಾಲ್ಕು ಕಡೆ ಹಾಕುವವಳು. ರಿಸೆಪ್ಶನ್‌ಗೆ ಬೆಲ್ಟ್ ಹಾಕಿ, ಗೃಹಪ್ರವೇಶಕ್ಕೆ ಬೆಲ್ಟ್ ಬಿಟ್ಟು ಹತ್ತಿ ದುಪಟ್ಟಾ ಜೊತೆ, ದೀಪಾವಳಿಗೆ ಮನೆಯಲ್ಲೇ. ಹೀಗೆ ಹಾಕುವವರಿಗೆ ಬಾಡಿಗೆ ಪ್ರತಿ ಸಲ ಮೂರು ಸಾವಿರ, ಸೀರೆಯದ್ದು ಒಂದೇ ಸಲದ ಖರ್ಚು.

ಹಳೆ ಸೀರೆ ಕೊಳ್ಳುವ ಆ ಅಣ್ಣ ಮೊನ್ನೆ ಇನ್ನೊಂದು ತಂದು ತೋರಿಸಿದರು. ನವಿಲುಗರಿ ಹಸಿರು, ಅಂಗೈ ಅಗಲದ ಅಂಚು, ನಡುವೆ ಒಂದು ಕಡೆ ಇಲಿ ಕಚ್ಚಿದ ತೂತು. 2,000 ಹೇಳ್ತಿದ್ದಾರೆ, ನಾನು 1,500ಕ್ಕೆ ಕೇಳಿದ್ದೇನೆ. ಗುಳಿಗೆ ವಾಸನೆ ಇಲ್ಲ.